ಅಕ್ಕ ಬರೆದಿಟ್ಟ ತೂಕ

ಸೆಪ್ಟೆಂಬರ್ 18, ಬುಧವಾರ

ಮೂರನೆಯದು ಮುಗಿಯಿತು. ಮೂವತ್ತು ಬಾಕಿ.

ಎಂಟನೇ ನಂಬರ್ ಟ್ರಾಮ್, ಕೊನೆಯ ಸ್ಟಾಪ್‌ವರೆಗೆ. ಇಪ್ಪತ್ತೆರಡು ವರ್ಷ ಓಡಿಸಿದ ಗಾಡಿಯಲ್ಲಿ ಪ್ರಯಾಣಿಕಳಾಗಿ ಕೂರುವುದು ಇನ್ನೂ ಒಗ್ಗಿಲ್ಲ. ತಿರುವು ಬಂದಾಗಲೆಲ್ಲ ಕಾಲು ತಾನೇ ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತದೆ. ಪಕ್ಕದ ಹೆಂಗಸು ಮೊದಲು ಕಾಲು ನೋಡಿದಳು, ಆಮೇಲೆ ಮುಖ. ಮೂಗಿನ ಪಕ್ಕದ ಹೊಲಿಗೆ ಕಂಡು ಕಿಟಕಿಯ ಕಡೆ ತಿರುಗಿದಳು. ತಿರುಗಲಿ.

ಆಸ್ಪತ್ರೆಯ ಒಳಗೆ ಅದೇ. ಮಲಗು. ಮಾಸ್ಕ್. ಪ್ಲಾಸ್ಟಿಕ್ ಜಾಲರಿ ಅದು, ಬಿಸಿ ನೀರಲ್ಲಿ ಮೆದು ಮಾಡಿ ನನ್ನ ಮುಖದ ಮೇಲೇ ಒತ್ತಿ ಅಚ್ಚು ತೆಗೆದದ್ದು. ಭುಜದವರೆಗೂ ಬರುತ್ತದೆ. ಟೇಬಲ್ಲಿಗೆ ಕಟಕ್ ಕಟಕ್ ಎಂದು ಸಿಕ್ಕಿಸುತ್ತಾರೆ. ಟೆಕ್ನಿಷಿಯನ್ ಒಲ್ಗೆರ್ದ್ ದಿನಾ ಕೇಳುವುದು ಒಂದೇ. "ಬಿಗಿ ಇದೆಯಾ, ರೆಗಿನಾ ಮೇಡಂ?" ಬಾಯಿ ತೆರೆಯಲಾಗುವುದಿಲ್ಲ. ಹೆಬ್ಬೆರಳು ಎತ್ತುತ್ತೇನೆ. ಹೊರಗೆ ಹೋಗುತ್ತಾನೆ. ಬಾಗಿಲು ಮುಚ್ಚುತ್ತದೆ. ಇಪ್ಪತ್ತು ನಿಮಿಷ. ನೋವಿಲ್ಲ, ಬಿಸಿಯಿಲ್ಲ, ಸದ್ದೂ ಅಷ್ಟಕ್ಕಷ್ಟೆ. ಏನೋ ಆಗುತ್ತಿದೆ ಎಂದು ನಂಬಬೇಕು, ಅಷ್ಟೇ.

ಮನೆಗೆ ಬರುವವರೆಗೂ ಕೆನ್ನೆ ಮೇಲೆ ಚೌಕ ಚೌಕ ಗುರುತು.

ಸೆಪ್ಟೆಂಬರ್ 20, ಶುಕ್ರವಾರ

ಅಕ್ಕ ಬಂದು ಎರಡು ವಾರವಾಯಿತು. ತನ್ನೂರು ಗೊರ್ಲಿತ್ಸೆಯಿಂದ ಎರಡು ಸೂಟ್‌ಕೇಸ್, ಒಂದರ ತುಂಬ ಪಾತ್ರೆ. ಇಲ್ಲಿ ಪಾತ್ರೆ ಇಲ್ಲವಾ ಎಂದರೆ, "ಇದೆ, ನೋಡಿದೀನಿ" ಎಂದಳು. ಭಾವ ತಾದೆಕ್ ಹೋಗಿದ್ದು ಫೆಬ್ರವರಿಯಲ್ಲಿ. ಕೊನೆಯ ನಾಲ್ಕು ತಿಂಗಳು ಹೊಟ್ಟೆಗೆ ನಳಿಗೆ. ದಿನಕ್ಕೆ ಆರು ಸಲ ಸಿರಿಂಜಿನಲ್ಲಿ ಅಕ್ಕನೇ ಊಟ ಹಾಕಿದಳು. ಈಗ ಬಾಯಿಂದ ತಿನ್ನುವವಳೊಬ್ಬಳು ಸಿಕ್ಕಿದ್ದೇನೆ. ಬಿಡುತ್ತಾಳಾ.

ಡಾಕ್ಟರ್ ಬೆನಿಶ್ ಇವತ್ತು ಮತ್ತೊಮ್ಮೆ ಹೇಳಿದರು, ಅಕ್ಕನಿಗಾಗಿ. ವಾರ್ಸಾದಲ್ಲಿ ಗೆಡ್ಡೆ ತೆಗೆದಿದ್ದಾರೆ, ಬೇರು ಉಳಿದಿರಬಹುದು. ಜಾಗ ಕೆಟ್ಟದ್ದು — ಎಡಗಣ್ಣಿನ ನರದ ಮಗ್ಗುಲು. ಮಾಮೂಲಿ ರೇಡಿಯೇಶನ್ ಕೊಟ್ಟರೆ ಕಣ್ಣು ಹೋಗುವ ಸಂಭವ ಜಾಸ್ತಿ. ಅದಕ್ಕೇ ಪ್ರೋಟಾನ್ ಕಿರಣ. ನರದ ಹತ್ತಿರ ಬಂದು ನಿಲ್ಲುತ್ತದಂತೆ.

ಟ್ರಾಮ್ ಡ್ರೈವರಿಗೆ ಎರಡೂ ಕಣ್ಣು ಬೇಕು. ಒಂದು ಕಣ್ಣಿಗೆ ಲೈಸೆನ್ಸ್ ಕೊಡುವುದಿಲ್ಲ. ಇದನ್ನು ನಾನು ಹೇಳಲಿಲ್ಲ, ಅಕ್ಕ ಹೇಳಿದಳು. ಡಾಕ್ಟರ್ ತಲೆಯಾಡಿಸಿದರು.

ಸೆಪ್ಟೆಂಬರ್ 23, ಸೋಮವಾರ

ಸೋಮವಾರ ಸೋಮವಾರ ತೂಕ. ಅರವತ್ತೆರಡು. ಅಕ್ಕ ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದಳು. ಕೆಳಗೆ ಒಂದು ಗೆರೆಯನ್ನೂ ಎಳೆದಳು.

ಮೂವತ್ತಮೂರನೆಯದು ಅಕ್ಟೋಬರ್ 30ಕ್ಕೆ ಬರುತ್ತದೆ ಎಂದು ಅವಳೇ ಎಣಿಸಿದಳು. 31ಕ್ಕೆ ಬಸ್ಸು. ಒಂದನೇ ತಾರೀಕು ಸಕಲ ಸಂತರ ಹಬ್ಬ — ತಾದೆಕ್ ಸಮಾಧಿಗೆ ಮೊದಲ ದೀಪ. ಹೆಂಡತಿ ಇರದೆ ಮೊದಲ ವರ್ಷದ ದೀಪ ಹಚ್ಚಿದರೆ ಊರು ಸುಮ್ಮನಿರುತ್ತದಾ. ಊರು ಹಾಳಾಗಲಿ, ಅವಳೇ ಸುಮ್ಮನಿರುವುದಿಲ್ಲ.

"ಇಬ್ರೂ ಹೋಗೋಣ," ಎಂದಳು. "ನೀನು ಕುರ್ಚಿ ಮೇಲೆ ಕೂತ್ಕೊ. ಸಮಾಧಿ ಗುಡಿಸೋದು ನಾನು."

ಸೆಪ್ಟೆಂಬರ್ 30, ಸೋಮವಾರ

ಅರವತ್ತು ಪಾಯಿಂಟ್ ನಾಲ್ಕು. ನರ್ಸ್ ಮುಖ ಸಣ್ಣಗೆ ಮಾಡಿದಳು. ಹೀಗೇ ಇಳಿದರೆ ನಳಿಗೆ ಹಾಕಬೇಕಾಗುತ್ತದೆ, ಹೊಸ ಸ್ಕ್ಯಾನ್, ಹೊಸ ಮಾಸ್ಕ್, ಹೊಸ ಲೆಕ್ಕ — ಒಂದು ವಾರ ನಿಲ್ಲಿಸಬೇಕು ಎಂದಳು.

ಅಕ್ಕ ಕ್ಯಾಲೆಂಡರಿನಲ್ಲಿ ಬರೆದಳು. ಗೆರೆ ಎಳೆಯಲಿಲ್ಲ.

ಅಕ್ಟೋಬರ್ 3, ಗುರುವಾರ

ರುಚಿ ಹೋಯಿತು. ನಿನ್ನೆ ಇತ್ತಾ? ಗೊತ್ತಿಲ್ಲ. ಕೋಳಿ ಸಾರು, ಬೀಟ್ರೂಟ್ ಸಾರು, ರವೆ ಗಂಜಿ, ಎಲ್ಲವೂ ಒದ್ದೆ ರಟ್ಟು. ಒಳಗೆ ಹುಣ್ಣು. ಉಗುಳು ಅಂಟು. ನುಂಗುವುದಕ್ಕೆ ಮೊದಲು ಮನಸ್ಸಿನಲ್ಲೇ ಮೂರು ಎಣಿಸಬೇಕು.

ಅಕ್ಕ ಎದುರಿಗೆ ಕೂತು ನನ್ನ ಗಂಟಲನ್ನೇ ನೋಡುತ್ತಾಳೆ. ನಾನು ನುಂಗಿದರೆ ಅವಳೂ ನುಂಗುತ್ತಾಳೆ.

"ಉಪ್ಪು ಸಾಕಾ?"

"ಸಾಕು."

"ಸುಳ್ಳು ಹೇಳ್ಬೇಡ. ಉಪ್ಪೇ ಹಾಕಿಲ್ಲ."

ನಗಬೇಕಿತ್ತು. ಬಾಯಿ ಅರಳಲಿಲ್ಲ. ಅವಳು ಅಂಗಡಿಗೆ ಹೋದಾಗ ಉಳಿದ ಅರ್ಧ ಬಟ್ಟಲನ್ನು ಕಮೋಡಿಗೆ ಸುರಿದು ಎರಡು ಸಲ ನೀರು ಬಿಟ್ಟೆ. ಬೇಸರವೂ ಆಗಲಿಲ್ಲ.

ಅಕ್ಟೋಬರ್ 6, ಭಾನುವಾರ

ಬಚ್ಚಲಿನ ತೂಕದ ಮೆಷಿನ್: ಐವತ್ತೊಂಬತ್ತು.

ಅಕ್ಕ ಊರಿನ ನೆರೆಮನೆಯವಳ ಜೊತೆ ಫೋನಿನಲ್ಲಿದ್ದಳು. ಸೇವಂತಿಗೆ ಕುಂಡ ಬಿಳಿಯದೇ ಬೇಕು, ಹಳದಿ ತಾದೆಕ್‌ಗೆ ಆಗುತ್ತಿರಲಿಲ್ಲ, ದೀಪ ಹನ್ನೆರಡು ಗಂಟೆ ಉರಿಯುವಂಥದ್ದು. "ಖಂಡಿತ ಬರ್ತೀನಿ ಕಣೇ. ಮೂವತ್ತಕ್ಕೆ ಇವಳದ್ದು ಮುಗಿಯುತ್ತೆ." ಆಮೇಲೆ ದನಿ ತಗ್ಗಿಸಿ — ಗೋಡೆ ತೆಳು, ಕೇಳಿಸಿತು — "ಇನ್ನೊಂದು ನಳಿಗೆ ಮಾತ್ರ ನನ್ನ ಕೈಲಿ ಆಗಲ್ಲ. ಹೂಂ. ಅವಳಿಗೆ ಹೇಳಿಲ್ಲ."

ಅಮ್ಮನ ಹಳೇ ತಕ್ಕಡಿ ಮೇಲಿನ ಶೆಲ್ಫಿನಲ್ಲಿದೆ. ಕಬ್ಬಿಣದ ಬಟ್ಟುಗಳು ಮರದ ಡಬ್ಬಿಯಲ್ಲಿ. ಒಂದು ಕಿಲೋದ್ದು ಒಂದು, ಅರ್ಧ ಕಿಲೋದವು ಎರಡು. ಚಳಿಗಾಲದಲ್ಲಿ ಕ್ಯಾಬಿನ್ನಿನ ಗಾಳಿ ಸೊಂಟಕ್ಕೆ ಹೊಡೆಯುತ್ತದೆ ಎಂದು ಡ್ರೈವರುಗಳೆಲ್ಲ ಉಣ್ಣೆಯ ಸೊಂಟಪಟ್ಟಿ ಕಟ್ಟುತ್ತೇವೆ. ನನ್ನದು ಎರಡು ಪದರದ್ದು. ಮೂರೂ ಹಿಡಿಸಿದವು. ಮೇಲೆ ಸ್ವೆಟರ್.

ಕನ್ನಡಿಯಲ್ಲಿ ಗೊತ್ತಾಗಲಿಲ್ಲ.

ಅಕ್ಟೋಬರ್ 7, ಸೋಮವಾರ

ಅರವತ್ತೊಂದು.

ನರ್ಸ್: "ನೋಡಿದ್ರಾ, ಅಕ್ಕನ ಕೈಗುಣ." ಮಧ್ಯದ ಸ್ಕ್ಯಾನ್ ಈ ವಾರ ಇತ್ತು, ತೂಕ ನಿಂತಿದೆಯಲ್ಲ, ಮುಂದಿನ ವಾರ ನೋಡೋಣ ಎಂದರು. ಅಲ್ಲಿ ಸ್ಕ್ಯಾನಿಗೆ ಉದ್ದ ಸರತಿ ಇದೆ, ಮಕ್ಕಳೇ ಎಂಟು ಜನ.

ಅಕ್ಕ ಗೆರೆ ಎಳೆದಳು. ಎರಡು ಎಳೆದಳು.

ಅಕ್ಟೋಬರ್ 10, ಗುರುವಾರ

ಮಾಸ್ಕ್ ಸಡಿಲ. ಮೊದಲು ರೆಪ್ಪೆ ಬಡಿದರೆ ತಾಗುತ್ತಿತ್ತು. ಈಗ ಕೆನ್ನೆಗೂ ಜಾಲರಿಗೂ ಮಧ್ಯೆ ತಣ್ಣನೆ ಗಾಳಿ.

"ಬಿಗಿ ಇದೆಯಾ?"

ಹೆಬ್ಬೆರಳು.

ಅಕ್ಟೋಬರ್ 14, ಸೋಮವಾರ

ನಿಜದ್ದು ಐವತ್ತೇಳೂವರೆ. ಬಟ್ಟು ಎರಡು ಕಿಲೋ, ಡಿಪೋದ ದಪ್ಪ ಬೂಟು, ಬೆಳಿಗ್ಗೆ ಕುಡಿದ ಒಂದು ಲೀಟರ್ ನೀರು. ಅರವತ್ತೊಂದು ಪಾಯಿಂಟ್ ಎರಡು. ಸ್ಕ್ಯಾನ್ ಮತ್ತೆ ಮುಂದಕ್ಕೆ. ನೀರು ಒಳಗಿನ ಹುಣ್ಣಿನ ಮೇಲೆ ಇಳಿಯುವಾಗ ಕಣ್ಣಲ್ಲಿ ನೀರು ಬಂತು. ಅಳು ಅಲ್ಲ. ಬರೀ ನೀರು.

ಇಪ್ಪತ್ತೊಂದು ಆಯಿತು. ಹನ್ನೆರಡು ಬಾಕಿ.

ಅಕ್ಟೋಬರ್ 20, ಭಾನುವಾರ

ಅಕ್ಕ ಬಟ್ಟೆ ಒಗೆಯಲು ಹಾಕುತ್ತಿದ್ದಳು. ಪ್ರಾರ್ಥನೆಯಿಂದ ಬಂದ ಕೋಟು ಕೂಡ ಬಿಚ್ಚಿರಲಿಲ್ಲ. ನಾನು ಸೋಫಾ ಮೇಲೆ. ಬಚ್ಚಲಿಂದ ಏನೋ ನೆಲಕ್ಕೆ ಬಿದ್ದ ಸದ್ದು. ಕೆಳಗಿನ ಮನೆಯವರು ಪೈಪ್ ಬಡಿದರು.

ಸೊಂಟಪಟ್ಟಿ ಒಂದು ಕೈಲಿ, ಬಟ್ಟು ಒಂದು ಕೈಲಿ ಹಿಡಿದು ಬಂದು ನಿಂತಳು.

"ಇದೇನು?"

"ತೂಕದ ಬಟ್ಟು."

"ನನಗೇನು ಕಣ್ಣಿಲ್ವಾ? ಅಮ್ಮನ ತಕ್ಕಡೀದು. ನಿನ್ನ ಸೊಂಟದಲ್ಲಿ ಏನು ಮಾಡ್ತಿದೆ ಅಂತ ಕೇಳಿದ್ದು."

ತೋಳು ಹಿಡಿದು ಎಬ್ಬಿಸಿದಳು. ಬಚ್ಚಲಿಗೆ ಕರೆದುಕೊಂಡು ಹೋಗಿ ಮೆಷಿನ್ ಮೇಲೆ ನಿಲ್ಲಿಸಿದಳು, ಸ್ಕೂಲ್ ಹುಡುಗಿಯನ್ನು ನಿಲ್ಲಿಸಿದ ಹಾಗೆ. ಬಗ್ಗಿ ಓದಿದಳು. ಕನ್ನಡಕ ಹಾಕಿಕೊಂಡು ಮತ್ತೆ ಓದಿದಳು. ಐವತ್ತಾರು ಪಾಯಿಂಟ್ ಎಂಟು.

ಅಡುಗೆಮನೆಗೆ ಹೋದಳು. ಕ್ಯಾಲೆಂಡರಿನ ಗೆರೆಗಳ ಮೇಲೆ ಬೆರಳು ಓಡಿಸಿದಳು.

"ಇಷ್ಟು ದಿನ ನನ್ನ ಕೈಲೇ ಸುಳ್ಳು ಬರೆಸಿದೆಯಲ್ಲೇ, ರೆಗಿನಾ."

"ಮೂವತ್ತಕ್ಕೆ ಮುಗೀಬೇಕಿತ್ತು. ನೀನು ತಾದೆಕ್ ಹತ್ರ ಹೋಗಬೇಕಿತ್ತು."

"ತಾದೆಕ್ ಎಲ್ಲಿಗೂ ಓಡಿಹೋಗಲ್ಲ. ಸತ್ತಿದಾನೆ."

"ನಳಿಗೆ ಬಂದ್ರೆ ನಿನ್ನ ಕೈಲಿ ಆಗಲ್ಲ ಅಂದೆ. ಕೇಳಿಸ್ತು."

"ಆಗಲ್ಲ ಅಂದಿದ್ದು ಹೌದು. ಮಾಡಲ್ಲ ಅಂದೆನಾ?"

ಇನ್ನೆಂಟು ದಿನ ಸುಮ್ಮನಿರು ಎಂದು ಕೇಳಿಕೊಂಡೆ. ನಾಳೆ ಬೆಳಿಗ್ಗೆ ನೀನು ಹೇಳ್ತೀಯೋ ನಾನು ಹೇಳ್ಲೋ ಎಂದಳು. ಮಧ್ಯಾಹ್ನದ ಸಾರನ್ನು ಮುಂದೆ ಇಟ್ಟು ತಾನು ಎದುರಿಗೆ ಕೂರಲಿಲ್ಲ.

ಅಕ್ಟೋಬರ್ 21, ಸೋಮವಾರ

ಇಬ್ಬರೂ ಹೋದೆವು. ಅಕ್ಕ ನರ್ಸಿನ ಮೇಜಿನ ಮೇಲೆ ಸೊಂಟಪಟ್ಟಿ ಇಟ್ಟಳು, ಬಟ್ಟುಗಳ ಸಮೇತ. "ಇದು ನನ್ನ ತಂಗಿಯ ತೂಕ," ಎಂದಳು.

ನರ್ಸಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಓಡಿದಳು.

ಸ್ಕ್ಯಾನ್. ಇಪ್ಪತ್ತಾರನೆಯದು ಆಗಲಿಲ್ಲ. ಒಲ್ಗೆರ್ದ್ ಮಾಸ್ಕ್ ತಂದು ಮುಖದ ಮೇಲಿಟ್ಟು ಒಳಗೆ ಎರಡು ಬೆರಳು ತೂರಿಸಿದ. ತೂರಿದವು. ನನ್ನನ್ನು ನೋಡಿದ. "ದಿನಾ ಕೇಳ್ತಿದ್ನಲ್ಲ, ರೆಗಿನಾ ಮೇಡಂ," ಎಂದ. ಕೋಪವಿರಲಿಲ್ಲ ಅದರಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 22, ಮಂಗಳವಾರ

ಭೌತಶಾಸ್ತ್ರದವರೊಬ್ಬರು ಇದ್ದಾರೆ, ಇಗ್ನಾತ್ಸಿ ಅಂತ. ರೋಗಿಗಳ ಕಣ್ಣಿಗೆ ಬೀಳದೆ ಲೆಕ್ಕ ಹಾಕುವವರು. ಇವತ್ತು ಕರೆಸಿದರು. ತೆಳ್ಳಗೆ, ಸ್ವೆಟರಿನ ತೋಳಿಗೆ ತೇಪೆ. ಪರದೆ ಮೇಲೆ ನನ್ನ ತಲೆ ಎರಡು, ಅಕ್ಕಪಕ್ಕ. ಸೆಪ್ಟೆಂಬರಿನದು, ನಿನ್ನೆಯದು.

"ಮಾಮೂಲಿ ಎಕ್ಸ್‌ರೇ ಈ ಕಡೆ ಹೊಕ್ಕು ಆ ಕಡೆ ಹೊರಗೆ ಹೋಗುತ್ತೆ," ಎಂದರು. "ಇದು ಹಾಗಲ್ಲ. ಇಷ್ಟು ಸೆಂಟಿಮೀಟರ್ ಹೋಗಿ ನಿಲ್ಲುತ್ತೆ. ನಿಂತ ಜಾಗದಲ್ಲೇ ಶಕ್ತಿಯೆಲ್ಲ ಸುರಿಯುತ್ತೆ. ಎಷ್ಟು ಮಾಂಸ ದಾಟಬೇಕು ಅನ್ನೋದನ್ನ ನಿಮ್ಮ ಸೆಪ್ಟೆಂಬರ್ ಮುಖ ನೋಡಿ ಲೆಕ್ಕ ಹಾಕಿದ್ವಿ. ಆ ಮುಖ ಈಗಿಲ್ಲ."

ಕೆನ್ನೆಯನ್ನು ತೋರಿಸಿದರು. ನಿಜ, ಇರಲಿಲ್ಲ.

ಹೇಳಿದೆ: ತುಂಬಿದ ಗಾಡಿಗೂ ಖಾಲಿ ಗಾಡಿಗೂ ಬ್ರೇಕ್ ಹಿಡಿಯುವ ಜಾಗ ಬೇರೆ.

ತಲೆ ಎತ್ತಿದರು. "ಏನು ಕೆಲಸ ನಿಮ್ಮದು?"

"ಟ್ರಾಮ್."

"ಹಾಗಾದ್ರೆ ನಿಮಗೆ ನಾನು ಹೇಳೋದೇನಿದೆ. ಲೋಡ್ ತಪ್ಪು ಹೇಳಿದ್ರಿ. ಸ್ಟಾಪ್ ದಾಟಿ ನಿಂತಿದೆ."

"ಎಷ್ಟು?"

"ಮೂರು ಮಿಲಿಮೀಟರ್. ಕೆಲವು ಕಡೆ ನಾಲ್ಕು."

"ಅಲ್ಲಿ ಏನಿದೆ?"

"ಕಣ್ಣಿನ ನರ," ಎಂದರು. ದಿನಾ ತೆಗೆಯುವ ಚಿತ್ರದಲ್ಲಿ ಮೂಳೆ ಸರಿಯಾಗಿ ಕೂತಿತ್ತು, ಅದಕ್ಕೇ ಗೊತ್ತಾಗಲಿಲ್ಲ. ತೂಕ ನಂಬಿ ಸ್ಕ್ಯಾನ್ ಮುಂದೂಡಿದ್ದು ತಮ್ಮ ತಪ್ಪು, ಅದನ್ನು ಬರೆದಿದ್ದೇನೆ ಎಂದರು. ಒಳ್ಳೆಯ ಮನುಷ್ಯ. ತಪ್ಪು ಯಾರದೆಂದು ಇಬ್ಬರಿಗೂ ಗೊತ್ತಿತ್ತು.

ಲೋಡ್ ತಪ್ಪು ಹೇಳಿದ ಡ್ರೈವರನ್ನು ಅವತ್ತೇ ಕ್ಯಾಬಿನ್ನಿಂದ ಇಳಿಸುತ್ತಾರೆ. ನಾನೇ ಒಬ್ಬನನ್ನು ಇಳಿಸಲು ಬರೆದುಕೊಟ್ಟಿದ್ದೆ, ಒಂಬತ್ತು ವರ್ಷದ ಕೆಳಗೆ.

ಅಕ್ಟೋಬರ್ 29, ಮಂಗಳವಾರ

ಹೊಸ ಮಾಸ್ಕ್, ಹೊಸ ಲೆಕ್ಕ. ಇಪ್ಪತ್ತಾರು.

ಮೂಗಿನಲ್ಲಿ ನಳಿಗೆ. ಹೊಟ್ಟೆಗಲ್ಲ, ಸದ್ಯಕ್ಕೆ ಇದು ಸಾಕಂತೆ. ಅಕ್ಕ ಸಿರಿಂಜ್ ಹಿಡಿದಳು. ಬಹಳ ಅಭ್ಯಾಸದ ಕೈ. ನಿಧಾನವಾಗಿ ಒತ್ತುತ್ತಾ ಗೋಡೆ ನೋಡುತ್ತಿದ್ದಳು. ಮುಗಿದ ಮೇಲೆ ಸಿರಿಂಜ್ ತೊಳೆದು ಬಟ್ಟೆ ಮೇಲೆ ಒಣಗಲಿಟ್ಟು ಬಾಲ್ಕನಿಗೆ ಹೋದಳು. ಅರ್ಧ ಗಂಟೆಯಾದರೂ ಒಳಗೆ ಬರಲಿಲ್ಲ.

ಅವಳಿಗೆ ನಳಿಗೆ ತಪ್ಪಿಸಲು ಹೋಗಿ ನಳಿಗೆಯನ್ನೂ ಕೊಟ್ಟೆ, ತಾದೆಕ್ ದೀಪವನ್ನೂ ಕಿತ್ತುಕೊಂಡೆ.

ನವೆಂಬರ್ 1, ಶುಕ್ರವಾರ

ರಜೆ. ಯಂತ್ರಕ್ಕೂ.

ಊರಿನಿಂದ ದೂರ ಇರುವವರು ಇದ್ದೂರ ಸ್ಮಶಾನದ ದೊಡ್ಡ ಶಿಲುಬೆಯ ಕೆಳಗೆ ದೀಪ ಇಡುತ್ತಾರೆ. ಅಲ್ಲಿಗೆ ಹೋದೆವು. ಹಬ್ಬದ ವಿಶೇಷ ಟ್ರಾಮ್, ಉಸಿರಾಡಲು ಜಾಗವಿಲ್ಲ, ಎಲ್ಲರ ಮಡಿಲಲ್ಲೂ ಹೂವಿನ ಕುಂಡ. ಪ್ರತಿ ವರ್ಷ ಈ ಗಾಡಿ ನನ್ನದು. ಇವತ್ತು ಓಡಿಸುತ್ತಿದ್ದವ ಹೊಸಬ, ಬ್ರೇಕ್ ತಡವಾಗಿ ಹಿಡಿಯುತ್ತಾನೆ. ಇಡೀ ಗಾಡಿ ಮುಂದಕ್ಕೆ ವಾಲಿತು. ಅಕ್ಕ ನನ್ನ ಮೂಗಿನ ನಳಿಗೆಗೆ ಕೈ ಅಡ್ಡ ಹಿಡಿದಳು.

ಶಿಲುಬೆಯ ಕೆಳಗೆ ಸಾವಿರಾರು ದೀಪ. ಅಕ್ಕನದನ್ನು ಇಡಲು ಜಾಗ ಹುಡುಕಬೇಕಾಯಿತು. ಇಟ್ಟಳು. ಅರ್ಧ ನಿಮಿಷದಲ್ಲಿ ಯಾವುದು ಅವಳದೆಂದು ಗೊತ್ತಾಗದಾಯಿತು.

"ಕ್ಷಮಿಸು," ಎಂದೆ.

"ಚಳಿ ಇದೆ, ಶಾಲು ಸರಿ ಮಾಡ್ಕೊ," ಎಂದಳು.

ನವೆಂಬರ್ 8, ಶುಕ್ರವಾರ

ಮೂವತ್ತಮೂರು. ಮುಗಿಯಿತು. ಒಲ್ಗೆರ್ದ್ ಕೈ ಕುಲುಕಿದ. ಸೇಬಿನ ಕೇಕ್ ಅಕ್ಕನದು, ಎಲ್ಲರೂ ತಿಂದರು.

ಡಾಕ್ಟರ್ ಬೆನಿಶ್: ನರಕ್ಕೆ ಮಿತಿಗಿಂತ ಜಾಸ್ತಿ ಬಿದ್ದಿದೆ. ಏನೂ ಆಗದೇ ಇರಬಹುದು. ಆಗುವುದಿದ್ದರೆ ಒಂದು ವರ್ಷ, ಒಂದೂವರೆ. ಮೊದಲು ಹೋಗುವುದು ಕೆಂಪು ಬಣ್ಣವಂತೆ. ದಿನಾ ಒಂದು ಕೆಂಪು ವಸ್ತುವನ್ನು ಒಂದೊಂದೇ ಕಣ್ಣಿನಲ್ಲಿ ನೋಡಿ. ಎರಡರಲ್ಲೂ ಒಂದೇ ಕೆಂಪು ಇರಬೇಕು. ಬೇರೆ ಕಂಡರೆ ಅವತ್ತೇ ಬನ್ನಿ.

ಸಾಸಿವೆ ಬಾಟಲಿಯ ಮುಚ್ಚಳ ಕೆಂಪು. ಅದನ್ನೇ ಕಿಟಕಿಯ ಬಳಿ ಇಟ್ಟಳು ಅಕ್ಕ.

ಫೆಬ್ರವರಿ 17, ಸೋಮವಾರ

ನಳಿಗೆ ತೆಗೆದು ಎರಡು ತಿಂಗಳು. ಐವತ್ತೆಂಟು ಕಿಲೋ, ಬರೀ ಮೈಯದು.

ಅಕ್ಕ ಹೊರಟಳು. ತಾದೆಕ್ ವರ್ಷದ ಪೂಜೆ, ಸಮಾಧಿಗೆ ಕಲ್ಲು ಹಾಕಿಸುವುದು. ಪಾತ್ರೆಗಳನ್ನು ಇಲ್ಲೇ ಬಿಟ್ಟಳು. ಬಸ್ ಸ್ಟ್ಯಾಂಡಿನಲ್ಲಿ: "ದಿನಾ ಬೆಳಿಗ್ಗೆ ಆರಕ್ಕೆ ಫೋನ್ ಮಾಡ್ತೀನಿ. ಒಂದೇ ಮಾತು ಕೇಳ್ತೀನಿ. ನಿಜ ಹೇಳು ಅಂತ ನಾನು ಹೇಳಲ್ಲ. ನಿನಗೇ ಬಿಟ್ಟಿದ್ದು."

ಜುಲೈ 7, ಸೋಮವಾರ

ಮೆಡಿಕಲ್ ಪಾಸು. ಎರಡು ಕಣ್ಣೂ. ಎಂಟನೇ ನಂಬರ್.

ಡ್ಯೂಟಿಗೆ ಮುಂಚೆ ಡಿಸ್ಪ್ಯಾಚರ್ ಗಾಬ್ರಿಯೆಲಾ ಗಾಜಿನ ಹಿಂದಿನಿಂದ ಎಲ್ಲರನ್ನೂ ಕೇಳುವ ಹಾಗೆ ಕೇಳಿದಳು: "ಫಿಟ್ಟಾ?" "ಫಿಟ್," ಎಂದೆ. ಸಹಿ. "ಸಣ್ಣಗಾಗಿದೀಯ, ಚೆನ್ನಾಗಿ ಕಾಣ್ತೀಯ ಹಾಳಾದವಳೇ," ಎಂದಳು. ಗಾಡಿ ಹೊರಟಿತು. ಖುಷಿಯಾಗಬೇಕಿತ್ತು. ಕಾಲಿಗೆ ಆಯಿತು, ಬ್ರೇಕ್ ಸಿಕ್ಕಿದ್ದಕ್ಕೆ.

ಅಕ್ಕನ ಫೋನ್ ದಿನಾ. "ಕೆಂಪಾ?" "ಕೆಂಪು." ಇಡುತ್ತಾಳೆ.

ಜನವರಿ 9, ಶುಕ್ರವಾರ. ಬೆಳಿಗ್ಗೆ

ಬಲಗಣ್ಣು: ಕೆಂಪು.

ಎಡಗಣ್ಣು: ಇಟ್ಟಿಗೆ.

ಮುಚ್ಚಳ ತೊಳೆದೆ. ದೀಪ ಹಾಕಿದೆ. ಇಟ್ಟಿಗೆ, ಹಳೇದು, ಬಿಸಿಲಿಗೆ ಬೆಳ್ಳಗಾದದ್ದು.

ಅಕ್ಕ: "ಕೆಂಪಾ?"

"ಕೆಂಪು."

ಡ್ಯೂಟಿಗೆ ಹೋದೆ.

ಜನವರಿ 13, ಮಂಗಳವಾರ

ಇವತ್ತು ಮೂರನೇ ದಿನ ಓಡಿಸಿದ್ದು. ಎರಡು ಕಣ್ಣೂ ತೆರೆದಿದ್ದರೆ ಏನೂ ಗೊತ್ತಾಗುವುದಿಲ್ಲ. ಬಲಗಣ್ಣು ಎಲ್ಲವನ್ನೂ ಮುಚ್ಚಿಹಾಕುತ್ತದೆ. ಮಾರ್ಕೆಟ್ ಸ್ಟಾಪಿನಲ್ಲಿ ಎಡಗಡೆಯಿಂದ ಒಬ್ಬ ಮುದುಕಿ ಬಂದಳು. ನೋಡಿರಲಿಲ್ಲ. ಬ್ರೇಕ್ ಹಿಡಿದಾಗ ಅವಳಿಗೂ ಗಾಡಿಗೂ ಮಧ್ಯೆ ಒಂದು ಕೈ ಅಳತೆ. ಅವಳು ಗಾಜಿನಲ್ಲಿ ನನ್ನನ್ನು ನೋಡಿ ಬೈದಳು, ಚೀಲ ಎತ್ತಿಕೊಂಡು ಹೋದಳು. ಪ್ರಯಾಣಿಕರಲ್ಲೊಬ್ಬ "ಶಾಭಾಷ್" ಎಂದ. ನನಗೇ ಹೇಳಿದ್ದು, ಹೊಗಳಿಕೆ.

ಸಂಜೆ ಅನ್ನ ಸೇರಲಿಲ್ಲ. ಗಂಟಲು ಸರಿಯಿದೆ. ಬೇರೆ ಏನೋ.

ಜನವರಿ 14, ಬುಧವಾರ. ಬೆಳಿಗ್ಗೆ ಏಳೂಮುಕ್ಕಾಲು

ಐದಕ್ಕೆ ಡಿಪೋ. ಗಾಬ್ರಿಯೆಲಾ ತಲೆ ಎತ್ತದೆಯೇ: "ಫಿಟ್ಟಾ?" ಪುಸ್ತಕ ನನ್ನ ಕಡೆ ತಳ್ಳಿದಳು, ಪೆನ್ನು ಕೂಡ.

"ಇಲ್ಲ," ಎಂದೆ.

ತಲೆ ಎತ್ತಿದಳು. "ಏನಿಲ್ಲ?"

"ಎಡಗಣ್ಣು. ಶುಕ್ರವಾರದಿಂದ. ಬರ್ಕೊ."

ಬರೆಯಲಿಲ್ಲ ಅವಳು. ಗಾಜಿನ ಹಿಂದಿನಿಂದ ಎದ್ದು ಹೊರಗೆ ಬಂದಳು, ನನ್ನ ಕ್ಯಾಬಿನ್ ಕೀ ತೆಗೆದುಕೊಂಡಳು. ಟೀ ಕೊಟ್ಟಳು. ಎಂಟನೇ ನಂಬರ್ ಆರು ನಿಮಿಷ ತಡವಾಗಿ ಹೊರಟಿತು, ಬೇರೆಯವರ ಕೈಲಿ. ಹೊರಡುವುದನ್ನು ನಿಂತು ನೋಡಿದೆ.

ಆರಕ್ಕೆ ಫೋನು. ಡಿಪೋದ ಗೇಟಿನಲ್ಲಿದ್ದೆ.

"ಕೆಂಪಾ?"

"ಅಲ್ಲ, ಅಕ್ಕಾ."

"ಯಾವತ್ತಿಂದ?"

"ಶುಕ್ರವಾರ."

"ಓಡಿಸಿದ್ಯಾ?"

"ಮೂರು ದಿನ. ಇವತ್ತು ಇಲ್ಲ."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. "ಏನಾದ್ರೂ ತಿಂದ್ಯಾ?" ಎಂದಳು. ಗೇಟು ಹಿಡಿದುಕೊಂಡು ಅಲ್ಲೇ ಅತ್ತೆ, ವಾಚ್‌ಮನ್ ಮುಂದೆ. ಅಳು, ಬರೀ ನೀರಲ್ಲ. ಡಾಕ್ಟರ್ ಹನ್ನೊಂದಕ್ಕೆ ಬರಹೇಳಿದ್ದಾರೆ. ನರ ಒಂದು ಸಲ ಹೋದರೆ ವಾಪಸ್ ಬರುವುದಿಲ್ಲ, ಅದು ಚಿಕಿತ್ಸೆ ಮುಗಿದ ದಿನವೇ ಹೇಳಿದ್ದರು.

ಏಳೂಕಾಲರ ಬಸ್ಸು ಹತ್ತಿದ್ದಾಳೆ. ಬೇಡ ಎನ್ನಲು ಬಾಯಿ ತೆರೆದಿದ್ದೆ. ಬಾ ಎಂದೆ.

ಹೆದರಿಕೆಯಾಗುತ್ತಿದೆ. ಬರೆದು ನೋಡಿದೆ — ಹೌದು, ಅದೇ. ಹದಿನಾರು ತಿಂಗಳಲ್ಲಿ ಈ ಪದ ಇಲ್ಲಿ ಒಂದು ಸಲವೂ ಬಂದಿಲ್ಲ, ಹಿಂದೆ ತಿರುವಿ ನೋಡಿದೆ. ಅವಳು ಬಂದ ತಕ್ಷಣ ಹೇಳಬೇಕು, ಕೋಟು ಬಿಚ್ಚುವ ಮೊದಲೇ, ಬಾಗಿಲಲ್ಲೇ. ಚೆನ್ನಾಗಿದೀನಿ ಅಂತ ಅಂದುಬಿಟ್ಟರೆ ಮತ್ತೆ ಅದೇ ಬಟ್ಟು, ಅದೇ ಸೊಂಟಪಟ್ಟಿ.